ನವಸಾಕ್ಷರ: ಸಹಿ ಕಲಿತ ಮೇಲಿನ ಕಥೆ

ಕೊಪ್ಪಳ, ರಾಯಚೂರು ಕಡೆಯ ಹಳ್ಳಿಗಳಲ್ಲಿ ಸ್ವಸಹಾಯ ಸಂಘದ ನಡಾವಳಿ ಪುಸ್ತಕ ತೆರೆದರೆ ಹೆಬ್ಬೆಟ್ಟಿನ ಗುರುತು ಈಗ ಕಡಿಮೆ. ಸಾಲು ಸಾಲಾಗಿ ಸಹಿಗಳಿರುತ್ತವೆ, ಕೆಲವು ನಡುಗುವ ಗೆರೆಯಲ್ಲಿ, ಕೆಲವು ಠಸ್ಸೆ ಒತ್ತಿದಂತೆ. ಆದರೆ ಸಹಿ ಮಾಡಿದವರ ಮುಂದೆ ಅದೇ ಪುಟ ಹಿಡಿದು ಠರಾವು ಓದಿ ಅಂದರೆ, "ಸಹಿ ಅಷ್ಟ ಬರತೈತ್ರಿ, ಓದಾಕ ಬರಂಗಿಲ್ಲ" ಅನ್ನುವವರು ಬೇಕಾದಷ್ಟು ಸಿಗುತ್ತಾರೆ. ಇವರನ್ನು ನವಸಾಕ್ಷರರು ಎಂದು ಕರೆಯುವಂತಿಲ್ಲ.

ಶಾಲೆ ಕಾಣದೆ ಅಥವಾ ಅರ್ಧಕ್ಕೆ ಬಿಟ್ಟು, ದೊಡ್ಡವರಾದ ಮೇಲೆ ಓದು, ಬರಹ, ಲೆಕ್ಕ ಮೂರನ್ನೂ ಕಲಿತವರು ನವಸಾಕ್ಷರರು. ಜನಗಣತಿಯೂ ಸಹಿಯನ್ನು ಸಾಕ್ಷರತೆ ಎಂದು ಒಪ್ಪುವುದಿಲ್ಲ. 7 ವರ್ಷ ತುಂಬಿದವರು ಯಾವುದಾದರೂ ಒಂದು ಭಾಷೆಯನ್ನು ಅರ್ಥ ಮಾಡಿಕೊಂಡು ಓದಿ ಬರೆಯಬಲ್ಲವರಾದರೆ ಮಾತ್ರ ಸಾಕ್ಷರರು. ಆ ಲೆಕ್ಕದಲ್ಲಿ 2011ರಲ್ಲಿ ರಾಜ್ಯದ ಸಾಕ್ಷರತೆ ಶೇ 75ರ ಆಸುಪಾಸಿನಲ್ಲಿತ್ತು. ಕೊಪ್ಪಳ ಶೇ 68, ಬಳ್ಳಾರಿ ಶೇ 67, ರಾಯಚೂರು ಶೇ 60ರ ಹತ್ತಿರ. ರಾಯಚೂರಿನ ಹೆಣ್ಣುಮಕ್ಕಳನ್ನಷ್ಟೇ ತೆಗೆದುಕೊಂಡರೆ ಅರ್ಧಕ್ಕಿಂತಲೂ ಕಡಿಮೆ.

ಇದಕ್ಕೆ ಹಳೆಯ ಕಾರಣವೂ ಒಂದಿದೆ. 1948ರವರೆಗೆ ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿ ನಡೆಯುತ್ತಿದ್ದದ್ದು ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ ಆಡುವ ರೈತ ತನ್ನದೇ ಹೊಲದ ಕಾಗದ ಓದಿಸಲು ಇನ್ನೊಬ್ಬರ ಮನೆ ಬಾಗಿಲಿಗೆ ಹೋಗಬೇಕಿತ್ತು. ಇವತ್ತು ಪಹಣಿ ಕನ್ನಡದಲ್ಲೇ ಬರುತ್ತದೆ, ಬಸ್ಸಿನ ಬೋರ್ಡೂ ಕನ್ನಡದ್ದೇ. ಆದರೆ ಮೊಬೈಲಿಗೆ ಬರುವ ಬ್ಯಾಂಕಿನ ಮೆಸೇಜು, ಮಾತ್ರೆಯ ಪಟ್ಟಿ (ಸ್ಟ್ರಿಪ್), ಗ್ಯಾಸ್ ಬುಕಿಂಗ್ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಓದಿಸಿಕೊಳ್ಳಲು ಇನ್ನೊಬ್ಬರ ಮನೆಗೆ ಹೋಗುವುದು ಮಾತ್ರ ನಿಂತಿಲ್ಲ.

ವಯಸ್ಕರ ಶಿಕ್ಷಣಕ್ಕೆ ಸರ್ಕಾರ ಇಟ್ಟ ಹೆಸರುಗಳು ಬದಲಾಗುತ್ತಲೇ ಬಂದಿವೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು. 2009ರಲ್ಲಿ ಸಾಕ್ಷರ ಭಾರತ, ಹೆಣ್ಣುಮಕ್ಕಳ ಸಾಕ್ಷರತೆ ಅರ್ಧಕ್ಕಿಂತ ಕಡಿಮೆ ಇದ್ದ ಜಿಲ್ಲೆಗಳಿಗೆಂದು. ಆಗ ಗ್ರಾಮ ಪಂಚಾಯಿತಿಗೊಂದು ಲೋಕ ಶಿಕ್ಷಣ ಕೇಂದ್ರ, ಅದನ್ನು ನಡೆಸಲು ಇಬ್ಬರು ಪ್ರೇರಕರು, ತಿಂಗಳಿಗೆ ತಲಾ 2000 ರೂಪಾಯಿ ಗೌರವಧನ. 2018ರ ಮಾರ್ಚ್‌ಗೆ ಆ ಯೋಜನೆ ಮುಗಿಯಿತು. 2022ರಿಂದ 2027ರವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮಕ್ಕೆ ಈಗ 'ಉಲ್ಲಾಸ್' ಎಂಬ ಹೆಸರಿದೆ. 15 ವರ್ಷ ತುಂಬಿದ, ಓದು ಬರಹ ಬಾರದ ಯಾರು ಬೇಕಾದರೂ ಕಲಿಯಬಹುದು, ಕಲಿಸುವವರು ಸ್ವಯಂಸೇವಕರು, ಸಂಬಳವಿಲ್ಲ. ಕಲಿಕೆಯ ಕೊನೆಗೆ ಒಂದು ಪರೀಕ್ಷೆ: ಓದು, ಬರಹ, ಲೆಕ್ಕ ತಲಾ 50, ಒಟ್ಟು 150 ಅಂಕ. ಪಾಸಾದವರಿಗೆ ಪ್ರಮಾಣಪತ್ರ ಸಿಗುತ್ತದೆ, ದಾಖಲೆಯಲ್ಲಿ ಅವರು ನವಸಾಕ್ಷರರಾಗುತ್ತಾರೆ.

ದಾಖಲೆಯ ನವಸಾಕ್ಷರರೂ ಓಣಿಯ ನವಸಾಕ್ಷರರೂ ಬೇರೆಯಾಗುವುದು ಇದರ ನಂತರವೇ. ದೊಡ್ಡವರಾದ ಮೇಲೆ ಕಲಿತ ಅಕ್ಷರ ಬಳಸದಿದ್ದರೆ ಬೇಗ ಮರೆಯುತ್ತದೆ. ಸಾಕ್ಷರೋತ್ತರ ಕಾರ್ಯಕ್ರಮ, ಮುಂದುವರಿಕೆ ಶಿಕ್ಷಣ ಎಂಬ ಇನ್ನೆರಡು ಮಾತುಗಳು ಹುಟ್ಟಿದ್ದೇ ಈ ಕಾರಣಕ್ಕೆ. ನಮ್ಮ ಕಡೆ ಮರೆವಿಗೆ ದೊಡ್ಡ ದಾರಿಯೆಂದರೆ ಗುಳೆ. ಮಳೆ ಕೈಕೊಟ್ಟರೆ ಗಂಡ, ಹೆಂಡತಿ, ಕೂಸು ಎಲ್ಲ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೊರಡುತ್ತಾರೆ, ತರಗತಿ ಅಲ್ಲಿಗೆ ನಿಲ್ಲುತ್ತದೆ. ನೀರಾವರಿ ಇರುವ ಸಿಂಧನೂರು, ಗಂಗಾವತಿಯಲ್ಲಿ ಬೇರೆ ತೊಡಕು: ಭತ್ತದ ನಾಟಿ ಶುರುವಾದರೆ ದಿನವಿಡೀ ಕೆಸರಲ್ಲಿ ಬಗ್ಗಿದ ಸೊಂಟಕ್ಕೆ ರಾತ್ರಿ ಎಂಟರ ಪಾಠ ಬೇಡವಾಗುತ್ತದೆ. ಇದನ್ನು ಕಲಿಯುವವರ ಸೋಮಾರಿತನ ಅನ್ನುವವರು ಒಂದು ದಿನ ನಾಟಿಗೆ ಇಳಿದು ನೋಡಲಿ.

ಇನ್ನು ಇಂಗ್ಲಿಷ್. ಪರೀಕ್ಷೆ ನಡೆಯುವುದು ಕನ್ನಡದಲ್ಲಿ. ಆದರೂ ಕನ್ನಡ ಓದಲು ಬಂದ ಕೂಡಲೇ ಹೆಣ್ಣುಮಕ್ಕಳು ಕೇಳುವುದು, "ಎಬಿಸಿಡಿನೂ ಹೇಳಿಕೊಡ್ರಿ ಅಕ್ಕಾರ" ಎಂದು. ಅದು ಶೋಕಿಗಲ್ಲ. ಹುಲಿಗೆಮ್ಮ ಎಂಬ ಹೆಸರನ್ನೇ ತೆಗೆದುಕೊಳ್ಳಿ. ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿರುವ ದೇವಿಯ ಹೆಸರು, ಓಣಿಗೆ ಇಬ್ಬರಾದರೂ ಸಿಗುತ್ತಾರೆ. ಕನ್ನಡದಲ್ಲಿ ಅಂದಂತೆ ಬರೆದರಾಯಿತು. ಇಂಗ್ಲಿಷಿನಲ್ಲಿ 'ಲ' ಆದ ಮೇಲೆ ಒಬ್ಬರು 'ಐ' ಹಾಕುತ್ತಾರೆ, ಇನ್ನೊಬ್ಬರು 'ಇ', ಮತ್ತೊಬ್ಬರು 'ಎ'. ಆಧಾರ್‌ನಲ್ಲಿ ಒಂದು, ಪಾಸ್‌ಬುಕ್‌ನಲ್ಲಿ ಇನ್ನೊಂದು ಆದರೆ ಹಣ ಜಮಾ ಆಗುವುದಕ್ಕೇ ತಕರಾರು. ಟೈಪ್ ಮಾಡುವವರ ಪಕ್ಕದಲ್ಲಿ ನಿಂತು "ಅದು 'ಐ' ಆಗಬೇಕ್ರಿ" ಎಂದು ಹೇಳಲು ಬಂದರೆ ಸಾಕು, ತಾಲ್ಲೂಕು ಕೇಂದ್ರಕ್ಕೆ ಓಡಾಡುವ ಕೂಲಿ ಉಳಿಯುತ್ತದೆ.

ಹಾಗಾಗಿ 'ಎ ಅಂದರೆ ಆ್ಯಪಲ್' ಎಂದು ಶುರು ಮಾಡುವುದು ದೊಡ್ಡವರಿಗೆ ತಕ್ಕ ದಾರಿಯಲ್ಲ ಎಂಬುದು ನನ್ನ ಅಭಿಪ್ರಾಯ. ಕನ್ನಡವನ್ನೂ ಈಗ ಅ, ಆ, ಇ ಸಾಲಿನಿಂದಲೇ ಕಲಿಸುವುದಿಲ್ಲವಲ್ಲ. ಒಂದನೇ ತರಗತಿಯ ಮಕ್ಕಳು ರ, ಗ, ಸ, ದ, ಅ ಎಂದು ಶುರು ಮಾಡುತ್ತಾರೆ. ಐದೇ ಅಕ್ಷರಕ್ಕೆ ಸರ, ದರ, ಅಗಸ, ಅರಸ, ಗರಗಸ ಎಲ್ಲ ಓದಲು ಬರುತ್ತದೆ. ಇಂಗ್ಲಿಷಿಗೂ ಹಾಗೆಯೇ ಕಲಿಯುವವರ ಹೆಸರಿನ ಅಕ್ಷರಗಳು ಮೊದಲು. ಆಮೇಲೆ ಊರಿನ ಹೆಸರು. ಆಮೇಲೆ ಮಾತ್ರೆಯ ಪಟ್ಟಿಯ ಮೇಲೆ ಅವಧಿ ಮುಗಿಯುವುದನ್ನು ಹೇಳುವ 'ಇ, ಎಕ್ಸ್, ಪಿ', ಅದರ ಮುಂದಿನ ತಿಂಗಳು, ವರ್ಷ. ಎಟಿಎಮ್ಮಿನ ಕೆಂಪು ಗುಂಡಿ ರದ್ದಿಗೆ, ಹಳದಿ ತಪ್ಪು ಅಳಿಸಲು, ಹಸಿರು ಮುಂದುವರಿಯಲು ಎಂಬುದನ್ನು ಬಣ್ಣದಿಂದ ಗುರುತು ಹಿಡಿದವರಿಗೆ ಅದರ ಮೇಲಿನ ಪದವೂ ತಾನಾಗಿ ಕಣ್ಣಿಗೆ ಕೂರುತ್ತದೆ. ದೊಡ್ಡಕ್ಷರ (ಕ್ಯಾಪಿಟಲ್) ಮೊದಲು ಕಲಿಸಬೇಕು, ಏಕೆಂದರೆ ಪಾಸ್‌ಬುಕ್ಕಿನ ಹೆಸರು ಹೆಚ್ಚಾಗಿ ಅದರಲ್ಲೇ ಇರುತ್ತದೆ. ಸಣ್ಣಕ್ಷರ ಮೊಬೈಲಿಗೆ ಬೇಕು, ಅದು ಎರಡನೆಯದು. ಎರಡನ್ನೂ ಒಟ್ಟಿಗೆ ಬೋರ್ಡಿನ ಮೇಲೆ ಸುರಿದರೆ ಮರುದಿನ ಅರ್ಧ ಜನ ಬರುವುದಿಲ್ಲ.

ಕಲಿಸುವವರು ಯಾರು ಅಂದರೆ, ಹೆಚ್ಚಿನ ಕಡೆ ಮನೆಯ ಮಗಳೇ. ಹೈಸ್ಕೂಲಿಗೆ ಹೋಗುವ ಹುಡುಗಿ ಅವ್ವನಿಗೆ ಕಲಿಸುತ್ತಾಳೆ, ಅವ್ವ ಪಕ್ಕದ ಮನೆಯಾಕೆಯನ್ನು ಕರೆದು ಕೂರಿಸಿಕೊಳ್ಳುತ್ತಾಳೆ. ಸಮುದಾಯದ ಬೆಂಬಲ ಅಂದ ಕೂಡಲೇ ವೇದಿಕೆ, ಹಾರ, ಭಾಷಣ ನೆನಪಾಗುತ್ತವೆ. ನಿಜವಾಗಿ ಬೇಕಾಗಿರುವುದು ಅಷ್ಟು ದೊಡ್ಡದಲ್ಲ. ಪಾಠದ ಹೊತ್ತಿಗೆ ಕೂಸನ್ನು ಎತ್ತಿಕೊಳ್ಳುವ ಅತ್ತೆ, "ಈ ವಯಸ್ಸಿನ್ಯಾಗ ಏನ್ ಕಲೀತಿ" ಎಂದು ನಗದ ಗಂಡ, ಗುಡಿಯ ಕಟ್ಟೆಯ ದೀಪವನ್ನು ಇನ್ನೊಂದು ತಾಸು ಉರಿಯಲು ಬಿಡುವ ಹಿರಿಯರು. ಸಂಘದ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕವನ್ನು ಸರದಿಯ ಮೇಲೆ ಒಬ್ಬೊಬ್ಬರು ಓದಿ ಹೇಳುವ ಪದ್ಧತಿ ಇಟ್ಟುಕೊಂಡರೆ ಕಲಿತ ಅಕ್ಷರ ಬೇರೆ ಖರ್ಚಿಲ್ಲದೆ ಬಳಕೆಯಲ್ಲಿರುತ್ತದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ಅರಿವು ಕೇಂದ್ರಗಳಾಗಿವೆ. ದಪ್ಪ ಅಚ್ಚಿನ ತೆಳು ಪುಸ್ತಕಗಳಿಗೆಂದು ಅಲ್ಲಿ ಒಂದು ಗೂಡು ಮೀಸಲಿಟ್ಟರೆ ನವಸಾಕ್ಷರರು ಒಳಗೆ ಕಾಲಿಡುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಯ ದಪ್ಪ ಪುಸ್ತಕಗಳನ್ನಷ್ಟೇ ಕಂಡರೆ ಹೊಸ್ತಿಲಿಂದಲೇ ವಾಪಸ್.

ಕಲಿಯುವವರೂ ಕಲಿಸುವವರೂ ಹೆಸರು ನೋಂದಾಯಿಸುವುದು ಉಲ್ಲಾಸ್ ಆ್ಯಪ್‌ನಲ್ಲಿ. ಆ್ಯಪ್ ಬಳಸಲು ಬಾರದವರ ಹೆಸರನ್ನು ಸಮೀಕ್ಷೆಗೆ ಬರುವವರು ಸೇರಿಸುತ್ತಾರೆ. ಗುಳೆ ಹೋಗುವ ಕುಟುಂಬ ಹೊರಡುವ ಮುಂಚೆ ಪುಸ್ತಕವನ್ನು ಗಂಟಿನಲ್ಲಿ ಕಟ್ಟಿಕೊಂಡು ಹೋಗುವಂತೆ ಅವರಿಗೆ ಹೇಳುವುದು ಮಾತ್ರ ಆ್ಯಪಿನ ಕೆಲಸವಲ್ಲ, ಓಣಿಯವರದ್ದು.