ಇಷ್ಟೊಂದು ಕಾಡಿರುವ ಮಲೆನಾಡಿನಲ್ಲಿ ಕಲ್ಲಿದ್ದಲು ಏಕಿಲ್ಲ?

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟ. ಮರಗಿಡಗಳು ಮಣ್ಣಿನಡಿ ಹೂತು ಕಲ್ಲಿದ್ದಲಾದವೆಂದು ಶಾಲೆಯಲ್ಲಿ ಓದಿದ್ದೇವೆ. ಹಾಗಿದ್ದರೆ ಇಲ್ಲಿ ಎಷ್ಟು ಆಳದ ಬಾವಿ ತೋಡಿದರೂ ಅದು ಸಿಗುವುದಿಲ್ಲವೇಕೆ?

ಉತ್ತರ: ಕಲ್ಲಿದ್ದಲಾಗಲು ಮರಗಿಡಗಳಿದ್ದರೆ ಸಾಲದು, ಅವು ಪೂರ್ತಿ ಕೊಳೆಯದೆ ಉಳಿಯಬೇಕು. ಸೊಪ್ಪಿನಬೆಟ್ಟದಿಂದ ಗುಡಿಸಿ ತಂದ ದರಕು ಕೊಟ್ಟಿಗೆಯ ಹಾಸಾಗಿ ಗೊಬ್ಬರಗುಂಡಿ ಸೇರಿದರೆ, ಮರುವರ್ಷ ಅದರಲ್ಲಿ ಎಲೆಯ ಗುರುತು ಹಿಡಿಯುವುದೇ ಕಷ್ಟ. ಎಲೆಯು ಬಿಸಿಲಿನಿಂದ ಕೂಡಿಟ್ಟುಕೊಂಡಿದ್ದ ಶಕ್ತಿಯನ್ನು ಶಿಲೀಂಧ್ರ, ಬ್ಯಾಕ್ಟೀರಿಯಗಳು ಉಂಡು, ಅದರ ಇಂಗಾಲದ ಬಹುಪಾಲನ್ನು ಗಾಳಿಗೆ ಮರಳಿಸಿರುತ್ತವೆ. ಗಾಳಿಯಾಡದ ನಿಂತ ನೀರಿನಲ್ಲಿ ಈ ಕೆಲಸ ಬಹಳ ನಿಧಾನವಾಗುತ್ತದೆ. ಕೆರೆಯ ಹೂಳೆತ್ತುವಾಗ ತಳದ ಕಪ್ಪು, ನಾರುವ ಕೆಸರಿನೊಳಗೆ ನರಗಳ ಸಮೇತ ಎಲೆ ಸಿಗುವುದು ಇದೇ ಕಾರಣಕ್ಕೆ. ಅಂಥ ಜೌಗಿನಲ್ಲಿ ಸಾವಿರಾರು ವರ್ಷ ಪದರ ಪದರವಾಗಿ ಕೂಡಿದ ಸಸ್ಯಾವಶೇಷ ಮೊದಲು ಪೀಟ್ ಎಂಬ ಅರೆಕೊಳೆತ ಕಪ್ಪು ರಾಶಿಯಾಗುತ್ತದೆ. ಮುಂದೆ ನೆಲ ಕುಸಿಯುತ್ತ, ಮೇಲೆ ಮರಳು, ಮಣ್ಣು ತುಂಬುತ್ತ ಹೋದಂತೆ ಒತ್ತಡಕ್ಕೂ ಭೂಗರ್ಭದ ಶಾಖಕ್ಕೂ ಸಿಕ್ಕಿ, ನೀರು ಕಳೆದುಕೊಂಡು, ಮೊದಲು ಲಿಗ್ನೈಟ್ ಎಂಬ ಮೆದು ಕಲ್ಲಿದ್ದಲಾಗಿ, ಬಳಿಕ ಅದಕ್ಕಿಂತ ಗಟ್ಟಿಯಾದ ಬಿಟುಮಿನಸ್ ಆಗಿ, ತೀರ ಅಪರೂಪಕ್ಕೆ ಎಲ್ಲಕ್ಕಿಂತ ಗಟ್ಟಿಯಾದ ಆಂಥ್ರಸೈಟ್ ಆಗಿ ಮಾರ್ಪಡುತ್ತದೆ.

ಇನ್ನು ನಿಮ್ಮ ಬಾವಿಯ ಮಾತು. ಶಿವಮೊಗ್ಗ ಸೀಮೆಯ ತಳಬಂಡೆಗಳು 250 ಕೋಟಿ ವರ್ಷಗಳಿಗೂ ಹಳೆಯವು. ನೆಲದ ಮೇಲೆ ಸಸ್ಯಗಳು ಕಾಣಿಸಿಕೊಂಡದ್ದೇ ಸುಮಾರು 47 ಕೋಟಿ ವರ್ಷಗಳ ಹಿಂದೆ. ಜಂಬಿಟ್ಟಿಗೆಯ ಪದರ ದಾಟಿ ಗುದ್ದಲಿ ಬಂಡೆಗೆ ತಾಗಿತೆಂದರೆ, ಮರವೆಂಬುದೇ ಇಲ್ಲದ ಕಾಲಕ್ಕೆ ನೀವು ಇಳಿದಿರುತ್ತೀರಿ. ಭಾರತದ ಕಲ್ಲಿದ್ದಲಿನ ಬಹುಪಾಲು 25ರಿಂದ 30 ಕೋಟಿ ವರ್ಷಗಳ ಹಿಂದೆ, ಭಾರತವೂ ಸೇರಿಕೊಂಡಿದ್ದ ಗೊಂಡ್ವಾನವೆಂಬ ಪುರಾತನ ಭೂಖಂಡದ ಕುಸಿದ ಕಣಿವೆಗಳಲ್ಲಿ ಕೂಡಿದ್ದು. ಝರಿಯಾ, ರಾಣಿಗಂಜ್, ಗೋದಾವರಿ ಕಣಿವೆಯ ಸಿಂಗರೇಣಿ ಅಂಥ ಜಾಗಗಳು. ನಮ್ಮ ಕಡೆ ಹಾಗೆ ಕುಸಿದು ತುಂಬಿಕೊಂಡ ಕಣಿವೆಗಳಿಲ್ಲ.

ಪೆಟ್ರೋಲಿಯಂ ಕೂಡ ಮರದಿಂದಲೇ ಬಂದದ್ದೆಂದು ಹಲವರು ತಿಳಿದಿದ್ದಾರೆ (ಡೈನೋಸಾರ್‌ಗಳಿಂದ ಎನ್ನುವವರೂ ಉಂಟು). ಅದರ ಮೂಲ ಮುಖ್ಯವಾಗಿ ಕಡಲ ತಳದ ಕೆಸರಿನಲ್ಲಿ ಹೂತ ಸೂಕ್ಷ್ಮಜೀವಿಗಳು.

ಕಲ್ಲಿದ್ದಲಿಲ್ಲದ ಕೊರತೆ ಇಲ್ಲಿಯ ಕಾಡಿಗೂ ತಟ್ಟಿತು. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಆರಂಭವಾದಾಗ ಕೆಮ್ಮಣ್ಣುಗುಂಡಿಯ ಅದಿರು ಹತ್ತಿರದಲ್ಲೇ ಇತ್ತು, ಕಲ್ಲಿದ್ದಲು ಮಾತ್ರ ಬಹು ದೂರವಿತ್ತು. ಹಾಗಾಗಿ ಮಲೆನಾಡಿನ ಮರಗಳನ್ನೇ ಕಡಿದು, ಸುಟ್ಟು ಮಾಡಿದ ಇದ್ದಿಲಿನಿಂದ ಅದರ ಕುಲುಮೆ ಉರಿಯಿತು.