ಎಸ್‌ಕ್ಯೂಲೈಟ್ ಹಾಕಿ ಡೆಸ್ಕ್‌ಟಾಪ್ ಆ್ಯಪ್ ಕಟ್ಟುವಾಗ

ಅಂಗಡಿ ಬಿಲ್ಲಿಂಗ್, ಸಹಕಾರ ಸಂಘದ ಲೆಕ್ಕ, ಗ್ರಂಥಾಲಯದ ಪುಸ್ತಕ ಪಟ್ಟಿ. ಇಂಥ ಆ್ಯಪ್‌ಗಳಿಗೆ ಎಸ್‌ಕ್ಯೂಲೈಟ್ ಎಂಬ ಡೇಟಾಬೇಸ್ ಚೆನ್ನಾಗಿ ಹೊಂದುತ್ತದೆ. ಬೇರೆ ಸರ್ವರ್ ಬೇಡ, ಇಡೀ ಡೇಟಾಬೇಸ್ ಒಂದು ಫೈಲ್‌ನಲ್ಲಿ ಇರುತ್ತದೆ. ಅದು ಹುಟ್ಟಿದ್ದೂ ಇದೇ ಕಾರಣಕ್ಕೆ. ರಿಚರ್ಡ್ ಹಿಪ್ ಅಮೆರಿಕದ ನೌಕಾಪಡೆಯ ಯುದ್ಧನೌಕೆಯೊಂದರ ಸಾಫ್ಟ್‌ವೇರ್ ಮೇಲೆ ಕೆಲಸ ಮಾಡುತ್ತಿದ್ದರು. ಡೇಟಾಬೇಸ್ ಸರ್ವರ್ ಕೈಕೊಟ್ಟಾಗ ಆ್ಯಪ್ ಕೂಡ ನಿಂತುಹೋಗುತ್ತಿತ್ತು. ಸರ್ವರೇ ಇಲ್ಲದಿದ್ದರೆ ಹೇಗೆ ಅಂತ ಯೋಚಿಸಿ 2000ದಲ್ಲಿ ಮೊದಲ ಆವೃತ್ತಿ ತಂದರು.

ಆದರೆ ಸರ್ವರ್ ಇಲ್ಲ ಅಂದಮೇಲೆ ಅದನ್ನು ನೋಡಿಕೊಳ್ಳುವ ಡಿಬಿಎ ಕೂಡ ಇಲ್ಲ, ಅಲ್ವಾ? ಕಾವಲು, ಬ್ಯಾಕಪ್, ತಪ್ಪು ಡೇಟಾ ತಡೆಯುವುದು ಎಲ್ಲವೂ ನಮ್ಮ ಕೋಡ್‌ನ ತಲೆಗೆ ಬರುತ್ತದೆ. ಕೆಳಗಿನದೆಲ್ಲ ಅದರದ್ದೇ ವಿವರ.

ಮೊದಲು ಟ್ರಾನ್ಸಾಕ್ಷನ್, ಅಂದರೆ ಆದರೆ ಪೂರ್ತಿ ಆಗಬೇಕು, ಇಲ್ಲವೇ ಏನೂ ಆಗಬಾರದು ಅನ್ನುವ ಬದಲಾವಣೆಗಳ ಗುಂಪು. ಎಕ್ಸೆಲ್‌ನಿಂದ 5,000 ಸಾಲು ಟೇಬಲ್‌ಗೆ ತುಂಬಬೇಕು ಅಂದುಕೊಳ್ಳಿ. ನಾವು ಬಿಗಿನ್ (ಗುಂಪು ಶುರು ಮಾಡುವ ಆದೇಶ) ಹೇಳದಿದ್ದರೆ ಪ್ರತಿ ಇನ್ಸರ್ಟ್ (ಸಾಲು ಸೇರಿಸುವ ಆದೇಶ) ಕೂಡ ತಾನೇ ಒಂದು ಟ್ರಾನ್ಸಾಕ್ಷನ್ ಆಗುತ್ತದೆ. ಪ್ರತಿ ಕಮಿಟ್‌ಗೂ (ಗುಂಪನ್ನು ಖಾಯಂ ಮಾಡುವ ಆದೇಶ) ಡೇಟಾ ನಿಜವಾಗಿ ಡಿಸ್ಕ್‌ಗೆ ಇಳಿಯಿತಾ ಅಂತ ಕಾಯಬೇಕು. ಎಸ್‌ಕ್ಯೂಲೈಟ್‌ನವರೇ ಹೇಳುವ ಲೆಕ್ಕ ಹೀಗಿದೆ: ಸಾಮಾನ್ಯ ಡೆಸ್ಕ್‌ಟಾಪ್‌ನಲ್ಲಿ ಸೆಕೆಂಡಿಗೆ 50,000 ಅಥವಾ ಜಾಸ್ತಿ ಇನ್ಸರ್ಟ್ ಸಾಧ್ಯ, ಆದರೆ ಟ್ರಾನ್ಸಾಕ್ಷನ್‌ಗಳು ಕೆಲವು ಡಜನ್ ಮಾತ್ರ. ಇದು ತಿರುಗುವ ಹಳೇ ಹಾರ್ಡ್‌ಡಿಸ್ಕ್‌ನ ಲೆಕ್ಕ. ಎಸ್‌ಎಸ್‌ಡಿಯಲ್ಲಿ ಅಂತರ ಕಡಿಮೆಯಾದರೂ ಕಣ್ಣಿಗೆ ಕಾಣುವಷ್ಟು ಉಳಿದೇ ಇರುತ್ತದೆ. ಹಾಗಾಗಿ ಎಲ್ಲವನ್ನೂ ಒಂದೇ ಬಿಗಿನ್, ಒಂದೇ ಕಮಿಟ್ ಒಳಗೆ ಹಾಕಿ.

ವೇಗ ಸಿಗುವುದು ಬೋನಸ್. ನಿಜವಾದ ಲಾಭ ಬಿಲ್‌ನಲ್ಲಿ ಕಾಣುತ್ತದೆ. ಬಿಲ್‌ನ ತಲೆಬರಹ ಒಂದು ಟೇಬಲ್, ಸಾಮಾನುಗಳು ಇನ್ನೊಂದು, ಸ್ಟಾಕ್ ಮತ್ತೊಂದು. ಎರಡನೆಯದನ್ನು ಬರೆಯುವಾಗ ಕರೆಂಟ್ ಹೋಯಿತು ಅನ್ನಿ. ಮೂರೂ ಒಂದೇ ಟ್ರಾನ್ಸಾಕ್ಷನ್‌ನಲ್ಲಿದ್ದರೆ ಮುಂದಿನ ಸಲ ಫೈಲ್ ತೆರೆದಾಗ ಅರ್ಧಂಬರ್ಧ ಬಿಲ್ ಇರುವುದಿಲ್ಲ. ಇನ್ನೊಂದು ಮಾತು: ಟ್ರಾನ್ಸಾಕ್ಷನ್ ತೆರೆದಿಟ್ಟು "ಖಂಡಿತ ಉಳಿಸಬೇಕೇ?" ಅಂತ ಡೈಲಾಗ್ ತೋರಿಸಬೇಡಿ. ಬಳಕೆದಾರ ಕಾಫಿಗೆ ಹೋದರೆ ಅವರು ಬರುವ ತನಕ ಬೇರೆ ಯಾರೂ ಬರೆಯೋಕಾಗಲ್ಲ. ಮೊದಲು ಕೇಳಿ, ಆಮೇಲೆ ಬಿಗಿನ್.

ಫಾರಿನ್ ಕೀ (ಒಂದು ಟೇಬಲ್‌ನ ಸಾಲು ಇನ್ನೊಂದರಲ್ಲಿ ನಿಜಕ್ಕೂ ಇರುವ ಸಾಲನ್ನೇ ತೋರಿಸಬೇಕು ಅನ್ನುವ ನಿಯಮ) ವಿಷಯ ಅನೇಕರಿಗೆ ಗೊತ್ತಿರುವುದಿಲ್ಲ. ಟೇಬಲ್‌ನಲ್ಲಿ ಬರೆದಿದ್ದರೂ ಅದರ ತಪಾಸಣೆ ಮಾಮೂಲಾಗಿ ಆಫ್ ಆಗಿರುತ್ತದೆ. ಹಳೇ ಆ್ಯಪ್‌ಗಳು ಕೆಡಬಾರದು ಅಂತ ಹಾಗೆ ಬಿಟ್ಟಿದ್ದಾರೆ. ಪ್ರಾಗ್ಮಾ (ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಆದೇಶ) ಕೊಟ್ಟು ಆನ್ ಮಾಡಬೇಕು, ಅದೂ ಪ್ರತಿ ಕನೆಕ್ಷನ್‌ಗೂ. ಬಿಝಿ ಟೈಮ್‌ಔಟ್ ಕೂಡ ಹಾಗೆಯೇ. ಅದನ್ನು ಹೊಂದಿಸದಿದ್ದರೆ ಇನ್ನೊಂದು ಕನೆಕ್ಷನ್ ಬರೆಯುತ್ತಿರುವಾಗ ಕಾಯದೆ ತಕ್ಷಣ "ಡೇಟಾಬೇಸ್ ಈಸ್ ಲಾಕ್ಡ್" ಅಂತ ಎರರ್ ಬರುತ್ತದೆ. ಪೈಥಾನ್‌ನ ಮಾಡ್ಯೂಲ್ ಮಾತ್ರ ತಾನಾಗಿ 5 ಸೆಕೆಂಡ್ ಕಾಯುತ್ತದೆ. ಕನೆಕ್ಷನ್ ತೆರೆಯೋಕೆ ಒಂದೇ ಫಂಕ್ಷನ್ ಬರೆದು ಈ ಎರಡನ್ನೂ ಅಲ್ಲೇ ಹಾಕಿಬಿಡಿ.

ಕಾಲಂನ ಟೈಪ್ ನಂಬಿ ಕೂರಬೇಡಿ. ಇಂಟಿಜರ್ ಅಂದ ಕಾಲಂಗೆ "ಐನೂರು" ಅಂತ ಅಕ್ಷರ ಕೊಟ್ಟರೂ ಎಸ್‌ಕ್ಯೂಲೈಟ್ ಸುಮ್ನೆ ತೆಗೆದುಕೊಳ್ಳುತ್ತದೆ. 2021ರ 3.37 ಆವೃತ್ತಿಯಿಂದ ತಪ್ಪು ಟೈಪ್ ಒಪ್ಪದ ಸ್ಟ್ರಿಕ್ಟ್ ಟೇಬಲ್ ಇದೆ, ಅದನ್ನೇ ಬಳಸಿ. ದುಡ್ಡನ್ನು ಪೈಸೆಯಲ್ಲಿ ಇಡಿ: ₹499.50 ಅಂದರೆ 49950.

ಬ್ಯಾಕಪ್ ಬಗ್ಗೆ ಸ್ವಲ್ಪ ನಿಧಾನವಾಗಿ ಓದಿ. ವಾಲ್ (WAL) ಮೋಡ್, ಅಂದರೆ ಬದಲಾವಣೆಗಳನ್ನು ಮೊದಲು ಬೇರೊಂದು ಫೈಲ್‌ಗೆ ಬರೆಯುವ ವಿಧಾನ, ಆನ್ ಮಾಡಿದರೆ ಒಬ್ಬರು ಬರೆಯುವಾಗಲೂ ಉಳಿದವರು ಓದಬಹುದು. ಆಗ ಮುಖ್ಯ ಫೈಲ್ ಪಕ್ಕದಲ್ಲಿ ಇನ್ನೆರಡು ಫೈಲ್ ಹುಟ್ಟುತ್ತವೆ. ಹೊಸದಾಗಿ ಕಮಿಟ್ ಆದ ಡೇಟಾ ಸ್ವಲ್ಪ ಹೊತ್ತು ವಾಲ್ ಫೈಲ್‌ನಲ್ಲೇ ಇರುತ್ತದೆ. ಆ್ಯಪ್ ಓಡುತ್ತಿರುವಾಗ ಮುಖ್ಯ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಇವತ್ತಿನ ಬಿಲ್‌ಗಳು ಅದರಲ್ಲಿ ಇಲ್ಲದೇ ಹೋಗಬಹುದು. ಎಸ್‌ಕ್ಯೂಲೈಟ್‌ನದ್ದೇ ಬ್ಯಾಕಪ್ ಎಪಿಐ ಅಥವಾ ವ್ಯಾಕ್ಯೂಮ್ ಇಂಟು ಆದೇಶ ಬಳಸಿದರೆ ಸರಿಯಾದ ಪ್ರತಿ ಸಿಗುತ್ತದೆ. ಆ ಪ್ರತಿಯನ್ನು ಒಮ್ಮೆ ತೆರೆದು, ಫೈಲ್ ಕೆಟ್ಟಿಲ್ಲ ತಾನೇ ಅಂತ ನೋಡುವ ಇಂಟೆಗ್ರಿಟಿ ಚೆಕ್ ಓಡಿಸಿ. ಇನ್ನು, ಫೈಲನ್ನು ನೆಟ್‌ವರ್ಕ್ ಫೋಲ್ಡರ್‌ನಲ್ಲಿಟ್ಟು ನಾಲ್ಕು ಕಂಪ್ಯೂಟರ್‌ನಿಂದ ತೆರೆಯುವ ಆಸೆ ಬೇಡ. ವಾಲ್ ಮೋಡ್ ಅಲ್ಲಿ ಕೆಲಸವನ್ನೇ ಮಾಡುವುದಿಲ್ಲ. ಆ ಅಗತ್ಯ ಬಂದರೆ ಪೋಸ್ಟ್‌ಗ್ರೆಸ್ ಥರದ ಸರ್ವರ್‌ಗೆ ಹೋಗುವುದೇ ಸರಿ.

ಟೇಬಲ್ ರಚನೆ ಬದಲಾಗುತ್ತಾ ಹೋಗುವುದರಿಂದ ಯೂಸರ್ ವರ್ಷನ್ ಪ್ರಾಗ್ಮಾದಲ್ಲಿ ಆವೃತ್ತಿ ಸಂಖ್ಯೆ ಇಡಿ. ಆ್ಯಪ್ ಶುರುವಾದಾಗ ಅದನ್ನು ಓದಿ, ಬಾಕಿ ಇರುವ ಬದಲಾವಣೆಗಳನ್ನು ಕ್ರಮವಾಗಿ ಓಡಿಸಿ. ಬಳಕೆದಾರ ಟೈಪ್ ಮಾಡಿದ್ದನ್ನು ಕ್ವೆರಿಯೊಳಗೆ ಅಂಟಿಸಬೇಡಿ, ಪ್ಯಾರಾಮೀಟರ್ ಆಗಿಯೇ (ಕ್ವೆರಿಯಿಂದ ಬೇರೆಯಾಗಿ) ಕೊಡಿ. ಇದು ಎಲ್ಲ ಪುಸ್ತಕದಲ್ಲೂ ಇದೆ, ಎಳೆಯುವುದಿಲ್ಲ.

ಯಾವ ಪಠ್ಯದಲ್ಲೂ ಸುಲಭಕ್ಕೆ ಸಿಗದ್ದು ಕನ್ನಡ ಡೇಟಾದ ತಲೆನೋವು. "ರಮೇಶ್" ಅಂತ ಹುಡುಕಿದರೆ ಒಂದು ಹೆಸರು ಸಿಗುತ್ತದೆ, ಅದರ ಕೆಳಗೇ ಇರುವ ಇನ್ನೊಂದು ರಮೇಶ್ ಸಿಗುವುದಿಲ್ಲ. ಎರಡರ ಮೇಲೂ ಯುನಿಕೋಡ್ ಸಂಕೇತಗಳನ್ನು ಎಣಿಸುವ ಲೆಂಗ್ತ್ ಫಂಕ್ಷನ್ ಓಡಿಸಿ ನೋಡಿ. ಒಂದು 5, ಇನ್ನೊಂದು 6 ಬರುತ್ತದೆ. ಕೊನೆಯಲ್ಲಿ ಕಣ್ಣಿಗೆ ಕಾಣದ ಝಡ್‌ಡಬ್ಲ್ಯೂಎನ್‌ಜೆ ಸಂಕೇತ (ಅಕ್ಷರಗಳು ಒತ್ತಾಗಿ ಸೇರದಂತೆ ತಡೆಯುವುದು) ಕೂತಿರುತ್ತದೆ, ಕೆಲವು ಕೀಬೋರ್ಡ್‌ಗಳು ಅದನ್ನು ಸೇರಿಸುತ್ತವೆ. ಓ ಕಾರದ ಚಿಹ್ನೆಯೂ ಅಷ್ಟೇ: ಒಂದೇ ಸಂಕೇತವಾಗಿಯೂ ಬರಬಹುದು, ಮೂರು ತುಂಡಾಗಿಯೂ ಬರಬಹುದು. ಎಸ್‌ಕ್ಯೂಲೈಟ್ ತಾನಾಗಿ ಇವನ್ನು ಸರಿಮಾಡುವುದಿಲ್ಲ.

ಅನುಕ್ರಮವೂ ಕೈಕೊಡುತ್ತದೆ. ಯುನಿಕೋಡ್‌ನಲ್ಲಿ ಳ ಬರುವುದು ಲ ಆದ ಕೂಡಲೇ. ಹಾಗಾಗಿ ಆರ್ಡರ್ ಬೈ ಕೊಟ್ಟರೆ ಬಸವಕಲ್ಯಾಣಕ್ಕಿಂತ ಮೊದಲು ಬಳ್ಳಾರಿ ಬರುತ್ತದೆ. ನಮ್ಮ ವರ್ಣಮಾಲೆಯ ಪ್ರಕಾರ ಇದು ತಿರುವುಮುರುವು. ಇದಕ್ಕೆ ಅಕ್ಷರಕ್ರಮ ಹೇಳಿಕೊಡುವ ನಮ್ಮದೇ ಕೊಲೇಶನ್ ಫಂಕ್ಷನ್ ಬರೆದು ಕನೆಕ್ಷನ್ ತೆರೆಯುವ ಜಾಗದಲ್ಲೇ ನೋಂದಾಯಿಸಬಹುದು. ಹುಡುಕಾಟಕ್ಕೆ ಬೇರೆ ಕಾಲಂ ಇಟ್ಟು, ಹೆಸರನ್ನು ಎನ್‌ಎಫ್‌ಸಿ ರೂಪಕ್ಕೆ (ತುಂಡುಗಳನ್ನು ಒಂದೇ ಸಂಕೇತವಾಗಿ ಸೇರಿಸುವ ಯುನಿಕೋಡ್ ರೂಪ) ತಂದು, ಆ ಕಾಣದ ಸಂಕೇತ ಕಿತ್ತು ತುಂಬಿ. ಹುಡುಕುವ ಪದಕ್ಕೂ ಅದೇ ಸಂಸ್ಕಾರ ಮಾಡಿ. ತೋರಿಸುವ ಕಾಲಂ ಮಾತ್ರ ಮುಟ್ಟಬೇಡಿ, "ರಾಜ್‌ಕುಮಾರ್" ಹೋಗಿ ಒತ್ತಕ್ಷರದ "ರಾಜ್ಕುಮಾರ್" ಆದರೆ ಬಿಲ್ ನೋಡಿದವರು ಬೈತಾರೆ.