ಪದ ಪರಿಚಯ: ವಿಲ್ಮ್ಸ್ ಗಡ್ಡೆ

ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕುವಾಗ ಕೈಗೆ ಸಿಗುವ ಗಡ್ಡೆ ಇದು. ಮೂರು ವರ್ಷದ ಮಗು ಉಂಡುಕೊಂಡು ಆಡಿಕೊಂಡು ಇದೆ, ಜ್ವರವಿಲ್ಲ, ನೋವು ಅಂತ ಅತ್ತಿದ್ದೂ ಇಲ್ಲ. ಹೊಟ್ಟೆಯ ಒಂದು ಮಗ್ಗುಲು ಮಾತ್ರ ಗಟ್ಟಿ. ಮನೆಯಲ್ಲಿ ಮೊದಲು ಬರುವ ಮಾತು ‘ಜಂತುಹುಳ ಇರಬೇಕು’. ಚಡ್ಡಿಯ ಎಲಾಸ್ಟಿಕ್ ಬಿಗಿಯಾದದ್ದನ್ನು ನೋಡಿ, ಮಗು ಮೈಕೈ ತುಂಬಿಕೊಂಡಿದೆ ಎಂದು ಖುಷಿಪಡುವವರೂ ಉಂಟು. ಸ್ಕ್ಯಾನ್ ಆದಮೇಲೆ ವರದಿಯಲ್ಲಿ ಬರುವ ಹೆಸರು ವಿಲ್ಮ್ಸ್ ಟ್ಯೂಮರ್. ಮಕ್ಕಳ ಕಿಡ್ನಿಯಲ್ಲಿ ಹುಟ್ಟುವ ಕ್ಯಾನ್ಸರ್‌ಗಳಲ್ಲಿ ಎಲ್ಲಕ್ಕಿಂತ ಸಾಮಾನ್ಯವಾದದ್ದು ಇದೇ. ಸುಮಾರು ಹತ್ತು ಸಾವಿರ ಮಕ್ಕಳಲ್ಲಿ ಒಬ್ಬರಿಗೆ, ಬಹುತೇಕ ಐದು ವರ್ಷದೊಳಗೆ.

ಮೊದಲು ಹೆಸರಿನ ವಿಷಯ. ಕೊನೆಯ ‘ಸ್’ ಇಂಗ್ಲಿಷಿನ ಷಷ್ಠಿಯಲ್ಲ, ವ್ಯಕ್ತಿಯ ಹೆಸರಿನದೇ ಭಾಗ. ‘ವಿಲ್ಮ್‌ನ ಗಡ್ಡೆ’ ಎಂದರೆ ತಪ್ಪು. ಮ್ಯಾಕ್ಸ್ ವಿಲ್ಮ್ಸ್ ಜರ್ಮನಿಯ ಸರ್ಜನ್. ಈ ಗಡ್ಡೆಯನ್ನು ಮೊದಲು ಕಂಡವನು ಅವನಲ್ಲ, ಆದರೆ 1899ರಲ್ಲಿ ಇದರ ಬಗ್ಗೆ ಒಂದು ಪುಸ್ತಕವನ್ನೇ ಬರೆದ. ಗಡ್ಡೆಯನ್ನು ಕೊಯ್ದು ಸೂಕ್ಷ್ಮದರ್ಶಕದಲ್ಲಿಟ್ಟರೆ ಕಿಡ್ನಿಯ ಅಂಗಾಂಶದ ಜೊತೆ ಸ್ನಾಯು, ಮೃದ್ವಸ್ಥಿಯೂ ಕಾಣುತ್ತಿದ್ದವು. ಕಿಡ್ನಿಯಲ್ಲಿ ಸ್ನಾಯುವಿಗೇನು ಕೆಲಸ? ಭ್ರೂಣಾವಸ್ಥೆಯ, ಇನ್ನೂ ಬಲಿಯದ ಜೀವಕೋಶಗಳಿಂದ ಇದು ಹುಟ್ಟಿರಬೇಕು ಎಂದು ವಿಲ್ಮ್ಸ್ ಊಹಿಸಿದ. ಊಹೆ ಸರಿಯಿತ್ತು. 1918ರಲ್ಲಿ, ಹೈಡಲ್‌ಬರ್ಗ್‌ನಲ್ಲಿ, ಡಿಫ್ತೀರಿಯಾದಿಂದ ಉಸಿರು ಕಟ್ಟಿದ್ದ ಒಬ್ಬ ಫ್ರೆಂಚ್ ಯುದ್ಧಕೈದಿಯ ಗಂಟಲಿಗೆ ಆಪರೇಷನ್ ಮಾಡಿ, ಅದೇ ರೋಗ ತನಗೂ ಅಂಟಿ ತೀರಿಕೊಂಡ.

ಇದರ ಶಾಸ್ತ್ರೀಯ ಹೆಸರು ನೆಫ್ರೋಬ್ಲಾಸ್ಟೋಮ. ಗ್ರೀಕಿನಲ್ಲಿ ನೆಫ್ರೋಸ್ ಎಂದರೆ ಮೂತ್ರಪಿಂಡ, ಬ್ಲಾಸ್ಟೋಸ್ ಎಂದರೆ ಮೊಳಕೆ. ಕನ್ನಡದಲ್ಲಿ ‘ಮೂತ್ರಪಿಂಡದ ಮೊಳಕೆಗಡ್ಡೆ’ ಎಂದರೆ ಅರ್ಥಕ್ಕೆ ತೀರಾ ಹತ್ತಿರ. ಮಗು ಹುಟ್ಟುವ ಕೆಲವು ವಾರ ಮೊದಲೇ ಕಿಡ್ನಿ ಕಟ್ಟುವ ಕೆಲಸ ಮುಗಿದಿರುತ್ತದೆ. ಮನೆ ಕಟ್ಟಿ ಗೃಹಪ್ರವೇಶ ಆದಮೇಲೂ ಒಂದಿಬ್ಬರು ಗಾರೆಯವರು ಹಿತ್ತಲಲ್ಲೇ ಉಳಿದುಕೊಂಡ ಹಾಗೆ ಕೆಲವು ಮಕ್ಕಳಲ್ಲಿ ಬಲಿಯದ ಜೀವಕೋಶಗಳು ಉಳಿದುಬಿಡುತ್ತವೆ. ಹೆಚ್ಚಿನವು ತಾವಾಗಿ ಕರಗಿ ಹೋಗುತ್ತವೆ. ಎಲ್ಲೋ ಒಮ್ಮೆ ಅವು ಮತ್ತೆ ಗೋಡೆ ಎಬ್ಬಿಸಲು ಶುರುಮಾಡುತ್ತವೆ, ನಿಲ್ಲಿಸುವವರು ಯಾರೂ ಇರುವುದಿಲ್ಲ. ಬಸುರಿಯಲ್ಲಿ ತಾಯಿ ಏನು ತಿಂದಳು, ಎಲ್ಲಿಗೆ ಹೋದಳು ಎಂದು ಹುಡುಕುವ ನೆಂಟರಿಗೆ ಇಷ್ಟು ಹೇಳಿದರೆ ಸಾಕು: ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ವಂಶದಿಂದ ಬರುವುದೂ ಅಪರೂಪ. ಹುಟ್ಟುತ್ತಲೇ ಕಣ್ಣಿನ ಪಾಪೆಯ ಸುತ್ತಲಿನ ಬಣ್ಣದ ಪೊರೆ ಇಲ್ಲದ ಕೆಲವು ಮಕ್ಕಳ ಮಾತು ಬೇರೆ. ಆ ಪೊರೆಯ ಜೀನ್‌ನ ಪಕ್ಕದಲ್ಲೇ, 11ನೇ ಕ್ರೋಮೋಸೋಮಿನಲ್ಲಿ, ಈ ಗಡ್ಡೆ ಹುಟ್ಟದಂತೆ ತಡೆಯುವ, 1990ರಲ್ಲಿ ಪತ್ತೆಯಾದ ಡಬ್ಲ್ಯುಟಿ1 ಎಂಬ ಜೀನ್ ಇದೆ. ಎರಡೂ ಒಟ್ಟಿಗೆ ಕಳೆದುಹೋಗಿದ್ದರೆ ಆ ಮಗುವಿಗೆ ಮೂರು ತಿಂಗಳಿಗೊಮ್ಮೆ ಹೊಟ್ಟೆಯ ಸ್ಕ್ಯಾನ್ ಮಾಡುತ್ತಾ ಕಾಯುತ್ತಾರೆ.

ಗಡ್ಡೆ ಎಂದಮೇಲೆ ತೆಗೆಯಬೇಕು. ತೆಗೆಯುವುದೊಂದೇ ಗೊತ್ತಿದ್ದ ಕಾಲದಲ್ಲಿ ಬದುಕಿ ಉಳಿಯುತ್ತಿದ್ದ ಮಕ್ಕಳು ಕಡಿಮೆ. ರೇಡಿಯೇಷನ್ ಬಂತು, 1950ರ ದಶಕದಲ್ಲಿ ಬಾಸ್ಟನ್‌ನ ಸಿಡ್ನಿ ಫಾರ್ಬರ್ ಆಕ್ಟಿನೋಮೈಸಿನ್ ಎಂಬ ಔಷಧ ಕೊಟ್ಟು ನೋಡಿದರು, 1960ರ ದಶಕದಲ್ಲಿ ವಿನ್‌ಕ್ರಿಸ್ಟಿನ್ ಸೇರಿಕೊಂಡಿತು. ಆಕ್ಟಿನೋಮೈಸಿನ್ ಸಿಕ್ಕಿದ್ದು ಮಣ್ಣಿನ ಸೂಕ್ಷ್ಮಜೀವಿಯಿಂದ. ವಿನ್‌ಕ್ರಿಸ್ಟಿನ್ ನಮ್ಮ ಅಂಗಳದ ಕಾಶಿ ಕಣಗಿಲೆಯಿಂದ. ವರ್ಷವಿಡೀ ಹೂ ಬಿಡುವ, ಯಾರೂ ನೀರು ಹಾಕದಿದ್ದರೂ ಬದುಕುವ ಅದೇ ನಿತ್ಯಪುಷ್ಪ. (ಎಲೆ ಅರೆದು ಕುಡಿಸಲು ಹೋಗಬೇಡಿ, ಅದು ವಿಷ.) ಈಗ ಶ್ರೀಮಂತ ದೇಶಗಳಲ್ಲಿ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿ ಗುಣವಾಗುತ್ತಾರೆ.

ಆದರೆ ಈ ಪದದ ಹಿಂದಿನ ನಿಜವಾದ ಕುತೂಹಲ ಇರುವುದು ಆಮೇಲಿನ ಕಥೆಯಲ್ಲಿ ಎಂದು ನನಗೆ ಅನಿಸುತ್ತದೆ. ಸಂಶೋಧನೆ ಎಂದರೆ ಹೊಸ ಔಷಧ, ಹೊಸ ಯಂತ್ರ ಎಂದುಕೊಳ್ಳುತ್ತೇವೆ. ಇಲ್ಲಿ ಐವತ್ತು ವರ್ಷದ ಸಂಶೋಧನೆಯ ದೊಡ್ಡ ಪಾಲು ನಡೆದದ್ದು ‘ಏನನ್ನು ಬಿಡಬಹುದು’ ಎಂಬ ಪ್ರಶ್ನೆಯ ಸುತ್ತ. ಒಂದು ಆಸ್ಪತ್ರೆಗೆ ವರ್ಷಕ್ಕೆ ಬರುವ ಬೆರಳೆಣಿಕೆಯ ಮಕ್ಕಳಿಂದ ಉತ್ತರ ಸಿಗದು ಎಂದು 1969ರಲ್ಲಿ ಅಮೆರಿಕದ ಆಸ್ಪತ್ರೆಗಳು ಒಟ್ಟಾಗಿ ಅಧ್ಯಯನ ಶುರುಮಾಡಿದವು. ಮುಂದಾಳು ಜೂಲಿಯೋ ಡಿ’ಆಂಜಿಯೋ, ವೃತ್ತಿಯಿಂದ ರೇಡಿಯೇಷನ್ ವೈದ್ಯರು. ಮೊದಲ ಅಧ್ಯಯನದಲ್ಲೇ ತಿಳಿದದ್ದು: ಗಡ್ಡೆ ಕಿಡ್ನಿಯೊಳಗೇ ಇದ್ದು ಪೂರ್ತಿ ತೆಗೆದಿದ್ದರೆ, ಎರಡು ವರ್ಷದೊಳಗಿನ ಮಕ್ಕಳಿಗೆ ರೇಡಿಯೇಷನ್ ಬೇಡ. ತನ್ನ ಕಸುಬಿನ ಬಾಗಿಲನ್ನು ತಾನೇ ಮುಚ್ಚಿಕೊಳ್ಳುವ ವೈದ್ಯರನ್ನು ದಿನಾ ಕಾಣುವುದಿಲ್ಲ. ಬೆಳೆಯುವ ಮಗುವಿನ ಬೆನ್ನಿಗೆ ಕಿರಣ ಬಿದ್ದರೆ ಆ ಕಡೆಯ ಎಲುಬು, ಸ್ನಾಯು ಬೆಳೆಯದೆ ಬೆನ್ನು ಓರೆಯಾಗುವುದನ್ನು ಅವರು ಕಂಡಿದ್ದರು. ಗುಣವಾದರಷ್ಟೇ ಸಾಲದು ಎಂಬುದು ಅವರ ಹೆಸರಿನೊಂದಿಗೆ ಅಂಟಿಕೊಂಡ ಮಾತು. ಮುಂದಿನ ಅಧ್ಯಯನದಲ್ಲಿ, ಆರಂಭದ ಹಂತದ ಗಡ್ಡೆಗೆ ಹದಿನೈದು ತಿಂಗಳ ಔಷಧವೂ ಬೇಡ, ಆರು ತಿಂಗಳು ಸಾಕು ಎಂದಾಯಿತು. ಡಾಕ್ಸೋರೂಬಿಸಿನ್ ಎಂಬ ಕೆಂಪು ಔಷಧ ಹೃದಯಕ್ಕೆ ಪೆಟ್ಟು ಕೊಡುತ್ತದೆ. ಅದನ್ನು ಯಾವ ಮಕ್ಕಳಿಗೆ ಕೊಡದೆಯೂ ನಡೆಯುತ್ತದೆ ಎಂಬುದನ್ನು ಯುರೋಪಿನವರು 2015ರಲ್ಲಿ ತೋರಿಸಿದರು. ಶ್ವಾಸಕೋಶಕ್ಕೆ ಹರಡಿದ್ದ ಮಕ್ಕಳಲ್ಲೂ ಆರು ವಾರದ ಔಷಧಕ್ಕೆ ಸ್ಕ್ಯಾನಿನಲ್ಲಿ ಕಂಡಿದ್ದ ಚುಕ್ಕೆಗಳೆಲ್ಲ ಮಾಯವಾದರೆ ಎದೆಗೆ ರೇಡಿಯೇಷನ್ ಬಿಡುವುದುಂಟು.

ಸರ್ಜನ್‌ಗಳ ನಡುವೆ ಒಂದು ಜಗಳ ಇನ್ನೂ ಮುಗಿದಿಲ್ಲ. ಅಮೆರಿಕದವರು ಮೊದಲು ಆಪರೇಷನ್, ಆಮೇಲೆ ಕೀಮೋ ಎನ್ನುತ್ತಾರೆ: ಔಷಧ ಮುಟ್ಟದ ಗಡ್ಡೆಯನ್ನು ನೋಡಿದರೆ ತಾನೇ ಅದರ ಜಾತಿ, ಹಂತ ಸರಿಯಾಗಿ ತಿಳಿಯುವುದು? ಯುರೋಪಿನವರು 1970ರ ದಶಕದ ಕೊನೆಯಿಂದಲೂ ಮೊದಲು ಕೀಮೋ ಎನ್ನುವವರು. ನಾಲ್ಕು ವಾರ ಎರಡು ಔಷಧ ಕೊಟ್ಟರೆ ಗಡ್ಡೆ ಕುಗ್ಗುತ್ತದೆ, ತೆಗೆಯುವಾಗ ಒಡೆಯುವುದಿಲ್ಲ. ಒಡೆಯುವ ಭಯ ಸಣ್ಣದಲ್ಲ. ಮೇಲಿನ ಪೊರೆ ತೆಳು, ಒಳಗೆ ಮೆದು ತಿರುಳು. ಹೊಟ್ಟೆಯೊಳಗೆ ಚೆಲ್ಲಿದರೆ, ಕಿಡ್ನಿಯೊಳಗಷ್ಟೇ ಇದ್ದ ಒಂದನೇ ಹಂತದ ಗಡ್ಡೆ ಆ ಕ್ಷಣದಲ್ಲೇ ಮೂರನೇ ಹಂತದ್ದಾಗುತ್ತದೆ, ಬೇಡವಾಗಿದ್ದ ರೇಡಿಯೇಷನ್ ಬೇಕಾಗುತ್ತದೆ. ವಾರ್ಡಿನಲ್ಲಿ ಇಂಥ ಮಗುವಿನ ಹೊಟ್ಟೆಯನ್ನು ಒತ್ತಿ ನೋಡಬೇಡಿ ಎಂದು ಮಂಚಕ್ಕೆ ಚೀಟಿ ತೂಗುಹಾಕುವುದು ಇದಕ್ಕೇ. ಬಂದ ನೆಂಟರೆಲ್ಲ ‘ಎಲ್ಲಿದೆ ತೋರ್ಸು’ ಎಂದು ಕೈಯಿಡುವ ನಮ್ಮ ಊರುಗಳಲ್ಲಿ ಆ ಚೀಟಿ ದೊಡ್ಡ ಅಕ್ಷರದಲ್ಲೇ ಇರಬೇಕು. ಅಂದಹಾಗೆ, ಎರಡೂ ಪದ್ಧತಿಯಲ್ಲಿ ಬದುಕುಳಿಯುವ ಮಕ್ಕಳ ಲೆಕ್ಕ ಹೆಚ್ಚುಕಡಿಮೆ ಒಂದೇ. ಎರಡೂ ಕಿಡ್ನಿಯಲ್ಲಿ ಗಡ್ಡೆ ಇರುವ ಮಕ್ಕಳ ವಿಷಯದಲ್ಲಿ ಮಾತ್ರ ಜಗಳವಿಲ್ಲ: ಮೊದಲು ಕೀಮೋ, ಆಮೇಲೆ ಕಿಡ್ನಿಯನ್ನು ಆದಷ್ಟು ಉಳಿಸಿ ಗಡ್ಡೆಯನ್ನಷ್ಟೇ ಬಿಡಿಸುವುದು.

ಬಿಡುತ್ತಾ ಬಿಡುತ್ತಾ ಎಲ್ಲಿಗೆ ಬಂದರು ಎಂಬುದಕ್ಕೆ ಒಂದು ತಕ್ಕಡಿ ಸಾಕ್ಷಿ. ತೆಗೆದ ಕಿಡ್ನಿಯನ್ನು ತೂಗುತ್ತಾರೆ. ಮಗುವಿಗೆ ಎರಡು ವರ್ಷ ಆಗಿರಬಾರದು, ಗಡ್ಡೆ ಒಂದನೇ ಹಂತದ್ದೂ ಒಳ್ಳೆಯ ಜಾತಿಯದ್ದೂ ಆಗಿರಬೇಕು, ಪಕ್ಕದ ದುಗ್ಧರಸ ಗ್ರಂಥಿಗಳನ್ನು (ಲಿಂಫ್ ನೋಡ್) ತೆಗೆದು ನೋಡಿದಾಗ ಅವು ಶುದ್ಧ ಇರಬೇಕು, ತೂಕ 550 ಗ್ರಾಂ ದಾಟಬಾರದು. ಅಷ್ಟಿದ್ದರೆ ಅಮೆರಿಕದ ಪದ್ಧತಿಯಲ್ಲಿ ಕೀಮೋ ಕೂಡ ಇಲ್ಲ. ಹೊಲಿಗೆ ಒಣಗಿಸಿಕೊಂಡು ಮನೆಗೆ. ಇಂಥ ಹತ್ತು ಮಕ್ಕಳಲ್ಲಿ ಸುಮಾರು ಒಂಬತ್ತು ಮಂದಿಗೆ ರೋಗ ಮರಳಲಿಲ್ಲ, ಮರಳಿದವರೂ ಆಮೇಲಿನ ಚಿಕಿತ್ಸೆಯಲ್ಲಿ ಉಳಿದುಕೊಂಡರು.

ನಮ್ಮಲ್ಲಿ ಆ ತಕ್ಕಡಿಯ ಕೆಲಸ ಕಡಿಮೆ. ಇಲ್ಲಿ ಅನೇಕ ಮಕ್ಕಳು ಆಸ್ಪತ್ರೆ ಸೇರುವ ಹೊತ್ತಿಗೆ ಗಡ್ಡೆ ಹೊಟ್ಟೆಯ ಮಧ್ಯದ ಗೆರೆ ದಾಟಿರುತ್ತದೆ, ಆದ್ದರಿಂದ ಮೊದಲು ಕೀಮೋ ಕೊಟ್ಟು ಕುಗ್ಗಿಸುವುದೇ ಹೆಚ್ಚು. ಕುಗ್ಗಿದ ಗಡ್ಡೆಯನ್ನು ತೂಗಿ, ಇದಕ್ಕೆ ಔಷಧ ಬೇಕಿರಲಿಲ್ಲ ಎಂದು ಹೇಳಲು ಬರುವುದಿಲ್ಲ. ಔಷಧ ಆಗಲೇ ಮಗುವಿನ ಮೈ ಸೇರಿರುತ್ತದೆ.